ಎಡಗಡೆಯ ಕುರ್ಚಿ

ತೆಕ್ಲಾ ಮೂರು ಸಲ ಕರೆದಳು. ಆ ಮನುಷ್ಯ ತಿರುಗಿಯೂ ನೋಡಲಿಲ್ಲ.

ಒಂದು ಕಾಲಕ್ಕೆ ಬೂಟಿನ ಅಂಗಡಿಯಾಗಿದ್ದ ಜಾಗ ಅದು. ಗೋಡೆಯುದ್ದಕ್ಕೂ ಬೂಟು ಜೋಡಿಸುವ ಗೂಡುಗಳು ಹಾಗೇ ಇದ್ದವು. ಈಗ ಆ ಗೂಡುಗಳಲ್ಲಿ ಹಳೆಯ ಸಿನಿಮಾ ಪ್ರೊಜೆಕ್ಟರುಗಳು ಕೂತಿದ್ದವು. ಜನ ಮನೆಯಲ್ಲೇ ಪರದೆ ಕಟ್ಟಿ, ತಮ್ಮ ಮದುವೆ, ಮಕ್ಕಳ ಹುಟ್ಟುಹಬ್ಬ ನೋಡಿಕೊಳ್ಳುತ್ತಿದ್ದ ಕಾಲದ ಯಂತ್ರಗಳು. ಅಂಥದ್ದೇ ಒಂದನ್ನು ತೆಕ್ಲಾ ಮಗುವನ್ನು ಎತ್ತಿಕೊಂಡಂತೆ ಎದೆಗವಚಿ ಹಿಡಿದಿದ್ದಳು. ಮಗುವಾದರೂ ಇಷ್ಟು ಭಾರವಿರುವುದಿಲ್ಲ.

"ಹಲೋ! ಸ್ವಾಮಿ! ನಿಮ್ಮನ್ನೇ!"

ಅವನು ಗೋಡೆಗೆ ಮುಖ ಮಾಡಿ ಕೂತಿದ್ದ. ಬಲಗಡೆ ಒಂದು ಯಂತ್ರ ಟರಟರನೆ ಓಡುತ್ತಿತ್ತು. ಬಗ್ಗಿದ ಬೆನ್ನು, ಕುತ್ತಿಗೆಯವರೆಗೆ ಇಳಿದ ಕಂದು ಕೂದಲು, ಮೊಣಕೈ ಸವೆದ ಸ್ವೆಟರ್. ತೆಕ್ಲಾ ಪ್ರೊಜೆಕ್ಟರನ್ನು ನೆಲದ ಮೇಲಿಟ್ಟಳು. ಗೋಡೆಯ ಹತ್ತಿರ ಹೋಗಿ ಪ್ಲಗ್ಗನ್ನು ಕಿತ್ತಳು.

ಅವನು ಹೌಹಾರಿ ಎದ್ದು ನಿಂತ.

"ಅಯ್ಯೋ! ಯಾವಾಗ ಬಂದ್ರಿ?"

"ನನ್ನ ಕೂದಲು ಕಪ್ಪಗಿದ್ದಾಗ."

ಅವನು ಅವಳ ಕೂದಲನ್ನು ನೋಡಿದ. ಅದು ಈಗಲೂ ಕಪ್ಪಗೇ ಇತ್ತು. ಆಮೇಲೆ ಅವನಿಗೆ ಮಾತು ಅರ್ಥವಾಗಿ ನಗು ಬಂತು. ಮೊದಲು ಕಣ್ಣಿನ ಅಂಚಿಗೆ ಬಂದು, ನಿಧಾನವಾಗಿ ಬಾಯಿಗಿಳಿಯುವ ನಗು. ಜಗಳಕ್ಕೆ ಸಜ್ಜಾಗಿದ್ದ ತೆಕ್ಲಾಳಿಗೆ ಅದನ್ನು ನೋಡಿ ಜಗಳ ತೆಗೆಯುವುದು ಸ್ವಲ್ಪ ಕಷ್ಟವಾಯಿತು.

"ತಪ್ಪಾಯ್ತು. ಯಂತ್ರದ ಸದ್ದಿಗೆ ಗೊತ್ತಾಗ್ಲಿಲ್ಲ. ನಾನು ಕಾನ್ರಾಡ್. ಹೇಳಿ, ಏನಾಗಿದೆ ಇದಕ್ಕೆ?"

"ಸಂಗೀತ ಹಾಕಿದ್ರೆ ಶವಯಾತ್ರೆ ಮಾಡುತ್ತೆ."

ತೆಕ್ಲಾ ವಿವರಿಸಿದಳು. ಅವಳ ಅಪ್ಪ ಯೂಜೀನ್ ಮಾಲೆಕ್ ಒಂದು ಕಾಲದಲ್ಲಿ ಮಿಲ್ವಾಕಿ ನಗರದ ದಕ್ಷಿಣ ಭಾಗದ ಪೋಲಿಷ್ ಮದುವೆಗಳಿಗೆಲ್ಲ ಪೋಲ್ಕಾ ಕುಣಿತದ ಸಂಗೀತ ನುಡಿಸಿದವರು. ಕಾನ್ಸರ್ಟಿನಾ ಅವರ ವಾದ್ಯ. ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಆ ಪೆಟ್ಟಿಗೆಯನ್ನು ಹೆಂಡತಿಗಿಂತ ಹೆಚ್ಚು ಹೊತ್ತು ತಬ್ಬಿಕೊಂಡಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅವರ ಬ್ಯಾಂಡಿನದು ಒಂದೇ ಒಂದು ಫಿಲ್ಮ್ ಉಳಿದಿತ್ತು. ಈಸ್ಟರ್ ಆದ ಮೇಲೆ ಅಪ್ಪನಿಗೆ ಎಪ್ಪತ್ತೈದು ತುಂಬುತ್ತದೆ. ಅವತ್ತು ಚರ್ಚಿನ ಹಾಲಿನಲ್ಲಿ ಎಲ್ಲರೆದುರು ಅದನ್ನು ತೋರಿಸಬೇಕು.

"ನಿನ್ನೆ ಹಾಕಿದ್ವಿ. ಅಪ್ಪ ಎದ್ದು ಹೋಗ್ಬಿಟ್ರು. 'ನಾನು ಕುಡಿದಾಗ್ಲೂ ಇಷ್ಟು ಕೆಟ್ಟದಾಗಿ ನುಡಿಸಿಲ್ಲ' ಅಂದ್ರು."

ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ಕಾನ್ರಾಡ್ ಅವಳ ತುಟಿಯನ್ನೇ ನೋಡುತ್ತಿದ್ದ. ಕಾರಿನಲ್ಲಿ ಬರುವಾಗ ಅವಳು ಜಾಮ್ ತುಂಬಿದ ಬನ್ನು ತಿಂದಿದ್ದಳು. ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಆದರೂ ನೋಡುತ್ತಿದ್ದ. ಮತ್ತೊಮ್ಮೆ ಒರೆಸಿಕೊಂಡಳು.

"ಏನಾದ್ರೂ ಅಂಟಿದ್ಯಾ?"

"ಇಲ್ಲ ಇಲ್ಲ," ಎಂದು ಅವನು ಕೆಂಪಗಾಗಿ ಯಂತ್ರದ ಮುಚ್ಚಳ ಬಿಚ್ಚತೊಡಗಿದ.

ಫಿಲ್ಮ್ ಹಾಕಿದಾಗ ಧ್ವನಿ ಏಳುತ್ತಾ ಬೀಳುತ್ತಾ ಹೊರಟಿತು. ತೆಕ್ಲಾ ಹಲ್ಲು ಕಚ್ಚಿದಳು. "ಒಂದೊಂದು ಸುತ್ತಿಗೂ ಕಾಲು ಸ್ವರ ಇಳಿಯುತ್ತೆ. ಆಮೇಲೆ ಹತ್ತುತ್ತೆ. ಕೆಳಗಡೆ ಒಂದು ಗುಂಯ್ ಅನ್ನೋದು ಇದೆ, ಬಿ-ಫ್ಲ್ಯಾಟ್ ಸ್ವರಕ್ಕೂ ಬಿ ಸ್ವರಕ್ಕೂ ಮಧ್ಯೆ."

ಕಾನ್ರಾಡ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನೀವೇನು ಕೆಲ್ಸ ಮಾಡ್ತೀರಿ?"

"ಪಿಯಾನೊ ಶ್ರುತಿ ಮಾಡ್ತೀನಿ."

"ಗುರುವಾರ ಮಧ್ಯಾಹ್ನ ಬಿಡುವಿದ್ಯಾ?"

"ಯಾಕೆ?"

"ನನ್ನ ಹತ್ರ ಮೀಟರ್ ಇದೆ. ಮುಳ್ಳು ತೋರ್ಸುತ್ತೆ. ಆದ್ರೆ ಸಂಗೀತ ಚೆನ್ನಾಗಿದ್ಯೋ ಇಲ್ವೋ ಅಂತ ಮುಳ್ಳಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತೆ. ಬಂದು ಕೂತು ಹೇಳಿದ್ರೆ ಕೆಲ್ಸ ಬೇಗ ಆಗುತ್ತೆ."

ತೆಕ್ಲಾಳಿಗೆ ಇದು ಹೊಸದು. ಅವಳ ಕಿವಿಯನ್ನು ಸಹಿಸಿಕೊಂಡವರಿದ್ದರು, ಬೇಕು ಎಂದವರಿರಲಿಲ್ಲ. ಯಾರ ಮನೆಗೆ ಹೋದರೂ ಫ್ರಿಜ್ಜು ಯಾವ ಸ್ವರದಲ್ಲಿದೆ ಎಂದು ಹೇಳಿಬಿಡುವ ಹೆಂಗಸು ಅವಳು. ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನು ಉಂಗುರ ವಾಪಸು ತೆಗೆದುಕೊಳ್ಳುವಾಗ, ನಿನ್ನ ಜೊತೆ ಇದ್ದರೆ ನನ್ನ ಉಸಿರಾಟಕ್ಕೂ ನಾಚಿಕೆಯಾಗುತ್ತದೆ ಎಂದಿದ್ದ.

"ಬರ್ತೀನಿ," ಎಂದಳು.

*

ಗುರುವಾರಗಳು ಶುರುವಾದವು.

ಫಿಲ್ಮಿನ ಅಂಚಿಗೆ ಕ್ಯಾಸೆಟ್ ಟೇಪಿನಂಥದೇ ಕಂದು ಪಟ್ಟಿಯೊಂದು ಅಂಟಿರುತ್ತದೆ, ಧ್ವನಿಯೆಲ್ಲ ಇರುವುದು ಅದರಲ್ಲಿ ಎಂದು ಕಾನ್ರಾಡ್ ತೋರಿಸಿದ. ಪಟ್ಟಿ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಯಂತ್ರ. ಫಿಲ್ಮನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆ ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಹಿಂದಿನ ಭಾರದ ಚಕ್ರದಲ್ಲಿ ಗ್ರೀಸು ಗಟ್ಟಿಯಾಗಿ ಮೇಣವಾಗಿತ್ತು. ಅವನು ಚಕ್ರವನ್ನು ಬಿಚ್ಚಿ, ತೊಳೆದು, ಸೂಜಿ ಮೊನೆಯಷ್ಟು ಎಣ್ಣೆ ಬಿಟ್ಟು, ಬೆರಳಿನಿಂದ ಒಮ್ಮೆ ತಿರುಗಿಸಿದ. ಅದು ನಿಲ್ಲಲೇ ಇಲ್ಲ. ಇಬ್ಬರೂ ಅದು ತಿರುಗುವುದನ್ನೇ ನೋಡುತ್ತಾ ಕೂತರು.

"ಊಟಕ್ಕೆ ಹೋಗಿ ಬಂದ್ರೂ ತಿರುಗ್ತಾ ಇರುತ್ತೆ," ಎಂದ ಕಾನ್ರಾಡ್.

"ಹಾಗಾದ್ರೆ ಹೋಗಿ ಬರೋಣ."

ಹೀಗೆ ಊಟ ಶುರುವಾಯಿತು. ಪಕ್ಕದ ಬೀದಿಯ ಅಂಗಡಿಯಲ್ಲಿ ಬಿಸಿ ಸೂಪು, ಆಲೂಗಡ್ಡೆ ಕಡುಬು. ಎಲ್ಲಿ ಕೂತರೂ ಅವನು, "ಈ ಕಡೆ ಬನ್ನಿ," ಎಂದು ಅವಳನ್ನು ತನ್ನ ಬಲಗಡೆ ಕೂರಿಸಿಕೊಳ್ಳುತ್ತಿದ್ದ. ರಸ್ತೆಯಲ್ಲಿ ನಡೆಯುವಾಗಲೂ ಸುತ್ತಿ ಬಂದು ಅವಳ ಎಡಕ್ಕೆ ಸೇರಿಕೊಳ್ಳುತ್ತಿದ್ದ. ಹಳೇ ಕಾಲದ ಮರ್ಯಾದೆ ಇರಬೇಕು ಎಂದುಕೊಂಡಳು ತೆಕ್ಲಾ. ಮನಸ್ಸಿಗೆ ಹಿತವೆನಿಸಿತು.

ಇನ್ನೂ ಹಿತವೆನಿಸಿದ್ದು ಅವನ ನೋಟ. ಅವಳು ಮಾತಾಡಿದರೆ ಜಗತ್ತಿನಲ್ಲಿ ಬೇರೇನೂ ಇಲ್ಲವೆಂಬಂತೆ ನೋಡುತ್ತಿದ್ದ. ಫೋನ್ ಬಡಿದುಕೊಂಡರೂ ಅವನ ಕಣ್ಣು ಅವಳ ತುಟಿಯಿಂದ ಕದಲುತ್ತಿರಲಿಲ್ಲ. ಮೂರನೆಯ ಗುರುವಾರ ತೆಕ್ಲಾ ಹೊಸ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು. ಪಿಯಾನೊ ಶ್ರುತಿ ಮಾಡಲು ಹೋಗುವಾಗ ಅವಳೆಂದೂ ಹಚ್ಚಿಕೊಂಡವಳಲ್ಲ.

"ಇವತ್ತು ಬೇರೆ ಥರ ಕಾಣ್ತಿದ್ದೀಯ," ಎಂದ ಕಾನ್ರಾಡ್. 'ನೀವು' ಯಾವಾಗ 'ನೀನು' ಆಗಿತ್ತೋ ಇಬ್ಬರಿಗೂ ತಿಳಿದಿರಲಿಲ್ಲ.

"ಬೇರೆ ಅಂದ್ರೆ?"

"ಅಂದ್ರೆ... ಚೆನ್ನಾಗಿ ಕಾಣುತ್ತೆ. ದೂರದಿಂದ್ಲೂ."

"ಸಿಗ್ನಲ್ ದೀಪದ ಹಾಗಾ?"

"ಸಿಗ್ನಲ್ ಕೆಂಪಾದ್ರೆ ನಿಲ್ಬೇಕಲ್ಲ," ಎಂದು ಅವನು ಸ್ಕ್ರೂಡ್ರೈವರನ್ನು ಹುಡುಕುವ ನಾಟಕ ಮಾಡಿದ. ಅದು ಅವನ ಕೈಯಲ್ಲೇ ಇತ್ತು.

ಗುಂಯ್ ಎನ್ನುವ ಸದ್ದು ಒಣಗಿಹೋದ ಕೆಪಾಸಿಟರ್ ಎಂಬ ವಿದ್ಯುತ್ ಬಿಡಿಭಾಗಗಳದ್ದು. ಹೊಸವನ್ನು ಬೆಸೆದ ಮೇಲೆ ಅದು ಹೋಯಿತು. ಧ್ವನಿ ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕಟ್ಟಿಕೊಂಡಿತ್ತು. ಅದನ್ನು ಹತ್ತಿಯಿಂದ ಒರೆಸಿದ ಮೇಲೆ, ಹೆಡ್ಡಿನ ಓರೆಯನ್ನು ಕೂದಲೆಳೆಯಷ್ಟು ತಿದ್ದಬೇಕಿತ್ತು. ಕಾನ್ರಾಡ್ ಸಣ್ಣ ತಿರುಪನ್ನು ತಿರುಗಿಸುತ್ತಾ ಹೋದ, ತೆಕ್ಲಾ ಕಣ್ಣು ಮುಚ್ಚಿ ಕೇಳುತ್ತಾ ಹೋದಳು.

"ಇನ್ನೂ... ಇನ್ನೂ ಸ್ವಲ್ಪ... ಸಾಕು! ಹಿಂದಕ್ಕೆ. ಅಲ್ಲೇ. ಅಲ್ಲಾಡಬೇಡ."

ಅವಳು ಕಣ್ಣು ಬಿಟ್ಟಾಗ ಅವನು ಅಲ್ಲಾಡದೆ ಅವಳನ್ನೇ ನೋಡುತ್ತಿದ್ದ. ಮಂಜಿನ ಹಿಂದೆ ಕೂತಿದ್ದಂತಿದ್ದ ಕ್ಲಾರಿನೆಟ್ಟು ಎದುರಿಗೇ ಬಂದು ನುಡಿಯುತ್ತಿತ್ತು.

ಕೊನೆಗೆ ಅವನು ಯಂತ್ರದ ಟರಟರ ಕೇಳದಂತೆ, ಒಳಗೆ ದಪ್ಪ ಉಣ್ಣೆ ಬಟ್ಟೆ ಹೊದಿಸಿದ, ಮುಂದೆ ಗಾಜಿನ ಕಿಟಕಿ ಇಟ್ಟ ಮರದ ಪೆಟ್ಟಿಗೆಯೊಂದನ್ನು ಮಾಡಿ ಯಂತ್ರವನ್ನು ಅದರೊಳಗೆ ಕೂರಿಸಿದ. ಧ್ವನಿಯನ್ನು ತಂತಿಯಲ್ಲಿ ಹೊರತಂದು ದೊಡ್ಡ ಸ್ಪೀಕರಿಗೆ ಕೊಟ್ಟ. "ಇನ್ನು ಹಾಲಿನ ಕೊನೇ ಸಾಲಿನವರಿಗೂ ಕೇಳುತ್ತೆ," ಎಂದ.

ಆ ಗುರುವಾರ ಪರದೆ ಇಳಿಬಿಟ್ಟು, ಕಿಟಕಿಗಳಿಗೆ ಕಂಬಳಿ ಹೊದಿಸಿ ಪೂರ್ತಿ ಫಿಲ್ಮ್ ಹಾಕಿದರು. ಅವನ ಬಲಗಡೆಯ ಕುರ್ಚಿಯಲ್ಲಿ ಸ್ಪೀಕರ್ ಕೂತಿತ್ತು. ತೆಕ್ಲಾ ಎಡಗಡೆಯ ಕುರ್ಚಿಯಲ್ಲಿ ಕೂತಳು.

ಪರದೆಯ ಮೇಲೆ ಯಾರದೋ ಮದುವೆ. ವೇದಿಕೆಯಲ್ಲಿ ಅಪ್ಪ, ಅಗಲ ಕಾಲರಿನ ಅಂಗಿ, ಹಣೆ ತುಂಬ ಕೂದಲು. ಕೆಳಗೆ ಕುಣಿಯುವವರ ನಡುವೆ ಅಮ್ಮ, ಬೂಟು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಪ್ಪ ನುಡಿಸುತ್ತಲೇ ಅವಳತ್ತ ಕಣ್ಣು ಹೊಡೆದರು. ಅಮ್ಮ ಬೂಟೆತ್ತಿ ಹೊಡೆಯುವಂತೆ ತೋರಿಸಿದಳು. ಸ್ವರಗಳು ಒಂದೂ ಅಲುಗಲಿಲ್ಲ.

ತೆಕ್ಲಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಬಾಯಿಯವರೆಗೆ ಬಂದು ವಾಪಸಾಗುತ್ತಿದ್ದ ಮಾತು ಈಗ ನಿಲ್ಲಲಿಲ್ಲ. ಪರದೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಕಾನ್ರಾಡ್, ನಂಗೆ ನೀನಂದ್ರೆ ತುಂಬಾ ಇಷ್ಟ. ಬರೀ ಇಷ್ಟ ಅಲ್ಲ. ಪ್ರೀತಿ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಕ್ಷಣ ಬಿಟ್ಟು ತಲೆಯಾಡಿಸಿದ.

"ಹೂಂ. ನಂಗೂ ಹಾಗೇ ಅನ್ನಿಸ್ತಿತ್ತು," ಎಂದ. ಅವಳು ಅವನತ್ತ ತಿರುಗಿದಳು. "ಸ್ವಲ್ಪ ಜಾಸ್ತೀನೇ ಆಗ್ಬಿಟ್ಟಿದೆ. ಕಡಿಮೆ ಮಾಡ್ಬೇಕು. ಇವತ್ತು ಬೇಡ, ಬಿಡು. ನಾಳೆ ನಾನೇ ಸರಿ ಮಾಡ್ತೀನಿ."

ಅವಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ, ಕಡಿಮೆ ಮಾಡಬೇಕಾದ್ದು ತಮ್ಮಿಬ್ಬರ ನಂಟನ್ನೇ ಎಂದು ಹೊಳೆಯಿತು. ಎದ್ದು ಕೋಟು ಹಾಕಿಕೊಂಡಳು. ಒಂದು ತೋಳು ಅಸ್ತರಿನಲ್ಲಿ ಸಿಕ್ಕಿಕೊಂಡಿತು.

"ಎಲ್ಲಿಗೆ? ಇನ್ನೂ ಅರ್ಧ ಇದೆ!"

"ಒಂದು ಪಿಯಾನೊ ಇದೆ. ಮರ್ತೇಬಿಟ್ಟಿದ್ದೆ."

"ಈಗ್ಲಾ?"

ಅವಳು ಬಾಗಿಲು ತೆರೆದಾಗ ಹಗಲಿನ ಬೆಳಕು ನುಗ್ಗಿ, ಪರದೆಯ ಮೇಲೆ ಕುಣಿಯುತ್ತಿದ್ದವರೆಲ್ಲ ಬೆಳ್ಳಗಾಗಿ ಅಳಿಸಿಹೋದರು.

*

ಮುಂದಿನ ಗುರುವಾರ ಅವಳು ಹೋಗಲಿಲ್ಲ. ಅವನ ಮೆಸೇಜುಗಳಿಗೆ 'ಕೆಲಸ ಇದೆ' ಎಂದಷ್ಟೇ ಉತ್ತರ ಬರೆದಳು. 'ಏನಾಯ್ತು?' ಎಂದು ಕೇಳಿದ್ದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಎಷ್ಟು ನಯವಾಗಿ ಹೇಳಿದ! ನಂಗೂ ಹಾಗೇ ಅನ್ನಿಸ್ತಿತ್ತು, ಜಾಸ್ತಿ ಆಯ್ತು, ಕಡಿಮೆ ಮಾಡ್ಬೇಕು. ವಾಲ್ಯೂಮ್ ತಗ್ಗಿಸುವಂತೆ.

ಶುಕ್ರವಾರ ಎಂದಿನಂತೆ ಅಪ್ಪನ ಜೊತೆ ಹುರಿದ ಮೀನಿನ ಊಟಕ್ಕೆ ಹೋದಳು. ಯೂಜೀನ್ ತಮ್ಮ ತಟ್ಟೆ ಖಾಲಿ ಮಾಡಿ ಅವಳ ತಟ್ಟೆಯತ್ತ ನೋಡಿದರು.

"ಮೀನು ಆರ್ತಾ ಇದೆ ಪುಟ್ಟಿ. ನಿನ್ನ ಮುಖ ಅದಕ್ಕಿಂತ ಮುಂಚೇನೇ ಆರಿದೆ."

"ಹಸಿವಿಲ್ಲ ಅಪ್ಪ."

"ಆ ಪ್ರೊಜೆಕ್ಟರ್ ಹುಡುಗ ಏನಾದ್ರೂ ಅಂದ್ನಾ?"

"ಅವನಿಗೂ ಇದಕ್ಕೂ ಏನು ಸಂಬಂಧ?"

"ಅವನ ಹೆಸ್ರು ಹೇಳ್ದೆ ನಿಂಗೆ ಮೂರು ವಾಕ್ಯ ಆಡೋಕೆ ಬರ್ತಿರ್ಲಿಲ್ಲ. ಈ ವಾರ ಒಂದ್ಸಲಾನೂ ಹೇಳಿಲ್ಲ. ಅದಕ್ಕೇ ಕೇಳ್ದೆ." ಅವರು ಅವಳ ತಟ್ಟೆಯ ಮೀನನ್ನು ತಮ್ಮ ಕಡೆ ಎಳೆದುಕೊಂಡರು. "ಸರಿ. ಯಂತ್ರ ನಾನೇ ಹೋಗಿ ತರ್ತೀನಿ. ನೀನು ಬರೋದು ಬೇಡ."

ಶನಿವಾರ ಹೋದವರು ಬರಿಗೈಯಲ್ಲಿ ಬಂದರು. ಟೋಪಿ ತೆಗೆದು ಅಡುಗೆಮನೆಯ ಮೇಜಿನ ಮೇಲೆಸೆದು ಕೂತರು.

"ಕೊಡಲ್ಲ ಅಂದ ಕಣೇ."

"ಏನು? ನಮ್ಮ ಯಂತ್ರ ನಮಗೆ ಕೊಡಲ್ವಂತಾ?"

"ನೀನೇ ಹೋಗಿ ಕೇಳ್ಬೇಕಂತೆ. ನೀನು ಒಪ್ಪಿದ್ರೆ ಮಾತ್ರ ಕೊಡ್ತಾನಂತೆ. 'ಬೇಸ್, ಅದೇ ಆ ದಪ್ಪ ಸದ್ದು, ಜಾಸ್ತಿ ಇದೆ ಅಂತ ತೆಕ್ಲಾ ಹೇಳಿ ಹೋದ್ಲು. ಅದಕ್ಕೇ ಮುನಿಸ್ಕೊಂಡ್ಲೋ ಏನೋ. ಈಗ ಕಡಿಮೆ ಮಾಡಿದೀನಿ, ಬಂದು ಕೇಳಕ್ಕೆ ಹೇಳಿ' ಅಂದ."

ತೆಕ್ಲಾ ಕಾಫಿ ಸುರಿಯುತ್ತಿದ್ದವಳು ನಿಲ್ಲಿಸಿದಳು.

"ಬೇಸಾ? ನಾನು ಬೇಸ್ ಅಂತ ಹೇಳೇ ಇಲ್ವಲ್ಲ."

"ಮತ್ತೇನು ಹೇಳ್ದೆ?"

ತೆಕ್ಲಾ ಮತ್ತೆ ಕಾಫಿ ಸುರಿಯತೊಡಗಿದಳು. ಯೂಜೀನ್ ಅದನ್ನು ಗಮನಿಸದವರಂತೆ ಮುಂದುವರಿಸಿದರು. "ಇನ್ನೊಂದು ವಿಷ್ಯ. ಆ ಹುಡುಗನ ಎಡಗಿವಿ ಕೆಲ್ಸ ಮಾಡಲ್ಲ."

"ಏನಂದ್ರಿ?"

"ನಾನು ಅವನ ಎಡಗಡೆ ನಿಂತು 'ಕಾಫಿ ಇದ್ಯೇನಪ್ಪ' ಅಂದೆ. 'ಹೂಂ, ಬೆಲ್ಟ್ ಹೊಸದೇ ಹಾಕಿದೀನಿ' ಅಂದ. ಬೆಲ್ಟ್ ಯಾರು ಕೇಳಿದ್ರು? ಆಮೇಲೆ ನೋಡ್ತೀನಿ, ನನ್ನ ಬಾಯನ್ನೇ ದಿಟ್ಟಿಸ್ತಾನೆ, ಬಲಗಿವಿ ಮುಂದೆ ಚಾಚ್ತಾನೆ. ಕಬ್ಬಿಣ ಬಡಿಯೋ ಕಾರ್ಖಾನೇಲಿ ಸುತ್ತಿಗೆ ಯಂತ್ರದ ಪಕ್ಕದಲ್ಲಿ ವಯಸ್ಸೆಲ್ಲ ಕಳೆದೋನು ನಾನು. ಅಲ್ಲಿ ಅರ್ಧಕ್ಕರ್ಧ ಜನ ಹೀಗೇ ಇದ್ರು. ಕೇಳಿಸ್ದೇ ಇದ್ರೆ ಒಂದು 'ಹೂಂ' ಅನ್ನೋದು, ಆಮೇಲೆ ಏನೋ ಊಹೆ ಮಾಡಿ ಉತ್ತರ ಕೊಡೋದು."

ತೆಕ್ಲಾ ನಗತೊಡಗಿದಳು. ಕಾಫಿಯ ಪಾತ್ರೆ ಕೆಳಗಿಟ್ಟು, ಮೇಜನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತಮೇಲೂ ನೀರು ನಿಲ್ಲಲಿಲ್ಲ. ಅವನು ಬೇಡ ಅಂದಿರಲಿಲ್ಲ. ಅವನಿಗೆ ಕೇಳಿಸಿರಲೇ ಇಲ್ಲ!

ಕೋಟಿನ ಗುಂಡಿ ಹಾಕಿಕೊಳ್ಳುವಾಗ ಇನ್ನೊಂದು ಯೋಚನೆ ಬಂದು ಕೈ ನಿಂತಿತು. ಹಾಗಾದರೆ ಆ ಬಲಗಡೆಯ ಮರ್ಯಾದೆ? ಆ ನೋಟ? ಅಷ್ಟೂ ಗುರುವಾರ ಅವನು ಅವಳ ತುಟಿಯನ್ನು ನೋಡಿದ್ದು ಬರೀ ಮಾತು ಓದಿಕೊಳ್ಳುವುದಕ್ಕಾ? ಲಿಪ್‌ಸ್ಟಿಕ್ ಹಚ್ಚಿದಾಗ ಚೆನ್ನಾಗಿ ಕಾಣುತ್ತೆ ಅಂದದ್ದೂ ಅದಕ್ಕೇನಾ?

"ಹೋಗ್ತೀಯೋ, ಇಲ್ಲೇ ನಿಂತಿರ್ತೀಯೋ?" ಎಂದರು ಯೂಜೀನ್.

*

ಅಂಗಡಿಯಲ್ಲಿ ಯಾವ ಯಂತ್ರವೂ ಓಡುತ್ತಿರಲಿಲ್ಲ. ಕಾನ್ರಾಡ್ ಮೇಜಿನ ಮುಂದೆ ಕೂತು ಲೆನ್ಸ್ ಒರೆಸುತ್ತಿದ್ದ. ತೆಕ್ಲಾ ಅವನ ಎಡಗಡೆ, ಎರಡು ಹೆಜ್ಜೆ ಹಿಂದೆ ನಿಂತಳು.

"ಕಾನ್ರಾಡ್," ಎಂದಳು ಮೆಲುದನಿಯಲ್ಲಿ, "ನಿನ್ನ ಸ್ವೆಟರಿಗೆ ಬೆಂಕಿ ಹತ್ತಿದೆ."

ಅವನು ಲೆನ್ಸಿನ ಮೇಲೆ ಉಸಿರು ಬಿಟ್ಟು ಮತ್ತೆ ಒರೆಸಿದ.

ಅವಳು ಸುತ್ತಿ ಬಂದು ಅವನ ಬಲಗಡೆ ನಿಂತಳು. ಅದೇ ದನಿಯಲ್ಲಿ, "ಕಾನ್ರಾಡ್," ಎಂದಳು.

ಅವನು ಥಟ್ಟನೆ ತಿರುಗಿದ. ಮುಖವೆಲ್ಲ ಬೆಳಗಿತು. "ಬಂದ್ಯಾ! ಬೇಸ್ ಕಡಿಮೆ ಮಾಡಿದೀನಿ, ಈಗ್ಲೇ ಹಾಕ್ತೀನಿ, ಕೂತ್ಕೋ."

"ಎಷ್ಟು ದಿನದಿಂದ ಕೇಳಿಸಲ್ಲ?"

ಅವನ ಕೈಯ ಬಟ್ಟೆ ಹಾಗೇ ನಿಂತಿತು. ಸುಳ್ಳು ಹೇಳಬಹುದಿತ್ತು. ಅವನ ಮುಖದಲ್ಲಿ ಆ ಯೋಚನೆ ಬಂದು ಹೋದದ್ದನ್ನು ತೆಕ್ಲಾ ಕಂಡಳು.

"ಎರಡು ಮೂರು ವರ್ಷ ಆಯ್ತು. ಎಡಗಡೆ ಹೆಚ್ಚುಕಡಿಮೆ ಏನೂ ಇಲ್ಲ."

"ಡಾಕ್ಟ್ರು ಏನಂದ್ರು?"

"ಹೋಗಿಲ್ಲ."

"ಯಾಕೆ?"

"ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಒಂದು, ಆಮೇಲೆ ಇನ್ನೊಂದು. ನಾನು ಕಾಲೇಜು ಮುಗಿಸೋ ಹೊತ್ತಿಗೆ 'ಅಮ್ಮಾ' ಅಂತ ಕೂಗಿದ್ರೂ ತಿರುಗ್ತಿರ್ಲಿಲ್ಲ." ಅವನು ಗೂಡುಗಳತ್ತ ಕೈ ತೋರಿಸಿದ. "ಇವೆಲ್ಲ ಎಲ್ಲೆಲ್ಲಿಂದಾನೋ ಬರುತ್ತೆ ತೆಕ್ಲಾ. 'ಸೌಂಡ್ ಸರಿ ಮಾಡೋನು ಅವನೊಬ್ನೇ' ಅಂತ ನಂಬಿ ಕಳಿಸ್ತಾರೆ. ಡಾಕ್ಟ್ರು 'ಇಷ್ಟೇ, ಇನ್ನು ಹೋಯ್ತು' ಅಂದ್ಬಿಟ್ರೆ? ಕೇಳ್ದೇ ಇದ್ರೆ ಅವರು ಹೇಳ್ದೇ ಇದ್ದ ಹಾಗೇ ಅಲ್ವಾ?"

"ಅದಕ್ಕೇ ನನ್ನ ಕಿವಿ ಬೇಕಾಗಿತ್ತು. ಪುಕ್ಕಟೆ ಕಿವಿ."

"ಹೂಂ," ಎಂದ ಅವನು. ಈ ಸಲದ 'ಹೂಂ' ಕೇಳಿಸಿಕೊಂಡೇ ಹೇಳಿದ್ದು. "ಮೊದಲ್ನೇ ಗುರುವಾರ ಅದಕ್ಕೇ ಕರೆದಿದ್ದು."

"ನನ್ನ ಮುಖ ನೋಡ್ತಿದ್ದದ್ದೂ ಅದಕ್ಕೇ."

ಕಾನ್ರಾಡ್ ತಲೆಯೆತ್ತಿದ.

"ಮೊದಲ ದಿನ ಕೇಳಿಸ್ಕೊಳ್ಳೋಕೆ ನೋಡ್ದೆ. ನಿಜ. ಆಮೇಲೆ ನೀನು ಸುಮ್ನೆ ಕೂತಿದ್ದಾಗ್ಲೂ ನೋಡ್ತಿದ್ದೆನಲ್ಲ, ತೆಕ್ಲಾ? ಸುಮ್ಮನಿರೋ ತುಟೀಲಿ ಓದೋಕೆ ಏನಿರುತ್ತೆ?"

ಹೊರಗೆ ಬಸ್ಸೊಂದು ಕೆಸರು ಹಾರಿಸುತ್ತಾ ಹೋಯಿತು. ತೆಕ್ಲಾಳಿಗೆ ಕೂರಬೇಕೆನಿಸಿ ಹತ್ತಿರದ ಕುರ್ಚಿಯಲ್ಲಿ ಕೂತಳು. ಅದು ಎಡಗಡೆಯ ಕುರ್ಚಿ. ಕೂಡಲೇ ಎದ್ದು ಬಲಗಡೆ ಬಂದು ಕೂತಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಅವತ್ತು ನೀನು ಬೇಸ್ ಬಗ್ಗೆ ಹೇಳಿರ್ಲಿಲ್ಲ, ಅಲ್ವಾ?" ಎಂದ ಮೆಲ್ಲಗೆ.

"ಇಲ್ಲ."

"ಏನೋ ಅಂದೆ ಅಂತ ಗೊತ್ತಾಯ್ತು. ಕತ್ತಲಲ್ಲಿ ಬಾಯಿ ಕಾಣಿಸ್ಲಿಲ್ಲ. ಆ ಫಿಲ್ಮಲ್ಲಿ ಉಳಿದಿದ್ದ ತಪ್ಪು ಅದೊಂದೇ ಅಂತ ಊಹೆ ಮಾಡ್ದೆ. ಏನಂದೆ?"

"ಹೇಳಲ್ಲ."

"ತೆಕ್ಲಾ!"

"ಡಾಕ್ಟ್ರ ಹತ್ರ ಹೋಗಿ ಬಾ. ಆಮೇಲೆ ಯೋಚ್ನೆ ಮಾಡ್ತೀನಿ."

"ಇದು ಮೋಸ."

"ನಂಗೆ ಹೇಳ್ದೇ ಇದ್ದದ್ದೂ ಮೋಸಾನೇ. ಎರಡಕ್ಕೂ ಸರಿಹೋಯ್ತು."

*

ಕಿವಿ ಡಾಕ್ಟರರ ಕೊಠಡಿಯಿಂದ ಕಾನ್ರಾಡ್ ಹೊರಗೆ ಬಂದಾಗ ತೆಕ್ಲಾ ಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದು ಕೂತಿದ್ದಳು. ಅವನು ಅವಳ ಕೈ ಹಿಡಿದು ಹೊರಗೆ ಕರೆತಂದ. ಕಾರುಗಳ ನಡುವೆ ಎಳೆ ಬಿಸಿಲು ಬಿದ್ದಿತ್ತು. ಅವಳ ಕಾರಿಗೆ ಒರಗಿ ನಿಂತು ಅವನು ದೊಡ್ಡದಾಗಿ ಉಸಿರು ಬಿಟ್ಟ.

"ಹೇಳೋ ಮಾರಾಯಾ! ಪ್ರಾಣ ಹೋಗ್ತಿದೆ ನಂಗೆ."

"ನರ ಚೆನ್ನಾಗಿದ್ಯಂತೆ. ಎರಡೂ ಕಡೆ. ಎಡಗಿವಿ ಒಳಗಡೆ ಒಂದು ಮೂಳೆ ಇರುತ್ತಂತೆ, ಅಕ್ಕಿ ಕಾಳಿಗಿಂತ ಚಿಕ್ಕದು. ಅದು ಬಿಗಿದುಕೊಂಡು ಅಲ್ಲಾಡ್ತಾ ಇಲ್ಲ. ಅದಕ್ಕೆ ಸದ್ದು ಒಳಗೆ ಹೋಗ್ತಿಲ್ಲ. ಆಪರೇಷನ್ ಮಾಡಿ ಅದರ ಬದ್ಲು ಬೇರೆ ಹಾಕ್ತಾರಂತೆ. ಅದು ಬೇಡ ಅಂದ್ರೆ ಮಷಿನ್ ಹಾಕ್ಕೊಂಡ್ರೂ ಕೇಳುತ್ತಂತೆ."

"ಬಲಗಡೇದು?"

"ಅಲ್ಲೂ ಶುರುವಾಗ್ಬಹುದು, ಆಗ್ದೇನೂ ಇರ್ಬಹುದು. ವರ್ಷಕ್ಕೊಂದು ಸಲ ಬಂದು ತೋರಿಸ್ಬೇಕು." ಅವನ ದನಿ ಒಡೆಯಿತು. "ಅಷ್ಟೇ ಕಣೇ. ಅಷ್ಟೇ ಅಂತೆ! ಮೂರು ವರ್ಷ ಹೆದರ್ಕೊಂಡು ಸತ್ತೆ. ಅಮ್ಮನ್ನೂ ಆಗ್ಲೇ ಯಾರಾದ್ರೂ ಇಲ್ಲಿಗೆ ಕರ್ಕೊಂಡು ಬಂದಿದ್ರೆ..."

ತೆಕ್ಲಾ ಅವನ ಭುಜದ ಮೇಲೆ ಹಣೆಯಿಟ್ಟಳು. ಅವನ ಸ್ವೆಟರಿನಲ್ಲಿ ಯಂತ್ರದ ಎಣ್ಣೆಯ ವಾಸನೆ ಇತ್ತು.

"ಈಗ ಹೇಳು," ಎಂದ.

"ಏನು?"

"ಅವತ್ತು ಅಂದದ್ದು."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಅವಳ ತುಟಿಯ ಮೇಲೆ ಬೆರಳಿಟ್ಟ.

"ಬೇಡ. ನಾನು ಮೊದ್ಲು. ನಂಗೆ ನೀನು ಬೇಕು, ತೆಕ್ಲಾ. ಕಿವಿಗಲ್ಲ. ಕಿವಿ ಸರಿಹೋದ್ಮೇಲೂ ಬೇಕು. ನಿನ್ನನ್ನ ಪ್ರೀತಿಸ್ತೀನಿ."

ತೆಕ್ಲಾ ಗಂಭೀರವಾಗಿ ಕಿವಿಯ ಹಿಂದೆ ಕೈಯಿಟ್ಟಳು. "ಏನಂದೆ? ಬೇಸ್ ಜಾಸ್ತಿ ಇತ್ತು. ಕೇಳಿಸ್ಲಿಲ್ಲ."

"ಪ್ರೀತಿಸ್ತೀನಿ ಅಂದೆ!"

"ಇನ್ನೂ ಸ್ವಲ್ಪ ಜೋರಾಗಿ."

"ನಿನ್ನನ್ನ ಪ್ರೀತಿಸ್ತೀನಿ ಕಣೇ!"

ಎರಡು ಕಾರಿನ ಆಚೆ ಊರುಗೋಲು ಹಿಡಿದು ಆಸ್ಪತ್ರೆಯತ್ತ ನಡೆಯುತ್ತಿದ್ದ ಮುದುಕಿಯೊಬ್ಬಳು ನಿಂತು ತಿರುಗಿದಳು. "ನಂಗೇ ಕೇಳಿಸ್ತಪ್ಪ!" ಎಂದಳು. "ಅವಳಿಗೆ ಕೇಳಿಸಲ್ವಾ? ಒಳಗೆ ಕರ್ಕೊಂಡು ಹೋಗು, ಡಾಕ್ಟ್ರು ಒಳ್ಳೆಯವ್ರು."

ಇಬ್ಬರೂ ನಕ್ಕ ನಗುವಿಗೆ ಮುದುಕಿಯೂ ಸುಮ್ಮನೆ ಜೊತೆಗೂಡಿ ನಕ್ಕು, ತಲೆಯಾಡಿಸುತ್ತಾ ಒಳಗೆ ಹೋದಳು. ಆಮೇಲೆ ತೆಕ್ಲಾ ಅವನ ಬಲಗಿವಿಯ ಹತ್ತಿರ ಬಗ್ಗಿದಳು. ಏನು ಹೇಳಿದಳೋ, ತುಂಬಾ ಹೊತ್ತು ಹೇಳಿದಳು. ಕಾನ್ರಾಡ್ ಕಣ್ಣು ಮುಚ್ಚಿ ಕೇಳಿಸಿಕೊಂಡ. ಈ ಸಲ ಅವನಿಗೆ ತುಟಿ ನೋಡುವ ಅಗತ್ಯ ಬೀಳಲಿಲ್ಲ.

*

ಯೂಜೀನರ ಹುಟ್ಟುಹಬ್ಬದ ದಿನ ಚರ್ಚಿನ ಹಾಲು ತುಂಬಿಹೋಗಿತ್ತು. ಉದ್ದನೆಯ ಮೇಜುಗಳ ಮೇಲೆ ಸಾಸೇಜು, ಹುಳಿ ಕೋಸು, ಮೂರು ಥರದ ಕೇಕು. ಬ್ಯಾಂಡಿನ ಐವರಲ್ಲಿ ಇಬ್ಬರು ತೀರಿಕೊಂಡಿದ್ದರು, ಇಬ್ಬರು ಬಿಸಿಲಿನ ಊರುಗಳಿಗೆ ಹೋಗಿ ನೆಲೆಸಿದ್ದರು. ಉಳಿದವರು ಯೂಜೀನ್ ಒಬ್ಬರೇ. ಮೊದಲ ಸಾಲಿನಲ್ಲಿ ಕೈಕಟ್ಟಿ, ಸಹಿಸಿಕೊಳ್ಳಲು ಸಿದ್ಧರಾದವರಂತೆ ಕೂತಿದ್ದರು.

ದೀಪ ಆರಿತು. ಪೆಟ್ಟಿಗೆಯೊಳಗೆ ಯಂತ್ರ ಸದ್ದಿಲ್ಲದೆ ಹೊರಟಿತು.

ಮೊದಲ ಸ್ವರಕ್ಕೇ ಯೂಜೀನರ ಕಟ್ಟಿದ ಕೈ ಸಡಿಲವಾಯಿತು. ಡ್ರಮ್ಮಿನ ಏಟು ಏಟಾಗಿಯೇ ಕೇಳಿತು. ತೀರಿಹೋದ ಕ್ಲಾರಿನೆಟ್ ವಾದಕ ಲಿಯೊ ಅಂದು ಉಸಿರೆಳೆದುಕೊಂಡದ್ದೂ ಕೇಳಿತು. ಹಿಂದಿನ ಸಾಲಿನಲ್ಲಿ ಲಿಯೊನ ಹೆಂಡತಿ, "ಅಯ್ಯೋ ದೇವರೇ, ಅವರೇ," ಎಂದಳು. ಯೂಜೀನ್ ಮುಂದಕ್ಕೆ ಬಾಗಿದರು. ಪರದೆಯ ಮೇಲೆ ತಾವೇ ಆಗಿದ್ದ ಆ ಹುಡುಗನ ಬೆರಳುಗಳನ್ನೇ ನೋಡಿದರು.

"ನಾನು ಹೇಳಿರ್ಲಿಲ್ವಾ," ಎಂದರು ಯಾರಿಗೂ ಅಲ್ಲದಂತೆ, "ನಾನು ಚೆನ್ನಾಗೇ ನುಡಿಸ್ತಿದ್ದೆ."

ಆಮೇಲೆ ಅವರು ಎದ್ದರು. ಕತ್ತಲಲ್ಲಿ ತಡವುತ್ತಾ ಹೋಗಿ, ಮೂಲೆಯಲ್ಲಿಟ್ಟಿದ್ದ ಕಾನ್ಸರ್ಟಿನಾ ಎತ್ತಿಕೊಂಡು, ಪರದೆಯ ಪಕ್ಕದ ವೇದಿಕೆ ಹತ್ತಿದರು. ಒಂದು ಸ್ವರ ಮುಟ್ಟಿ ನೋಡಿದರು. ಕೂಡಿತು. ಇನ್ನೊಂದನ್ನು ಮುಟ್ಟಿದರು. ಅದೂ ಕೂಡಿತು. ಯಂತ್ರ ಒಂದಿಷ್ಟು ತಡವರಿಸಿದ್ದರೂ ಎರಡು ವಾದ್ಯಗಳು ಜಗಳವಾಡುತ್ತಿದ್ದವು. ಯಂತ್ರ ತಡವರಿಸಲಿಲ್ಲ. ಎಪ್ಪತ್ತೈದರ ಯೂಜೀನ್ ಮೂವತ್ತರ ಯೂಜೀನನ ಜೊತೆ, ಸತ್ತ ಗೆಳೆಯರ ಜೊತೆ, ಬರಿಗಾಲಿನಲ್ಲಿ ಕುಣಿಯುವ ಹೆಂಡತಿಗಾಗಿ ಪೋಲ್ಕಾ ನುಡಿಸಿದರು.

ಫಿಲ್ಮ್ ಮುಗಿದು ಪರದೆ ಬೆಳ್ಳಗಾಯಿತು. ಅವರು ನಿಲ್ಲಿಸಲಿಲ್ಲ.

ಯಾರೋ ದೀಪ ಹಾಕಿದರು. ಕುರ್ಚಿಗಳು ಗೋಡೆಗೆ ಸರಿದವು. ಜನ ಜೋಡಿ ಜೋಡಿಯಾಗಿ ನಡುವೆ ಬಂದರು. ತೆಕ್ಲಾ ಕಣ್ಣೊರೆಸಿಕೊಂಡು ಯಂತ್ರದ ಹಿಂದಿದ್ದ ಕಾನ್ರಾಡನನ್ನು ಎಳೆದಳು.

"ನಂಗೆ ಬರಲ್ಲ, ತೆಕ್ಲಾ. ನಿಜವಾಗ್ಲೂ. ಕಾಲು ತುಳೀತೀನಿ."

"ತುಳಿ. ಎರಡಿದೆ."

ಅವನು ತುಳಿದ. ಎರಡನ್ನೂ ತುಳಿದ. ಹಲಗೆಯ ನೆಲ ಜನರ ಕುಣಿತಕ್ಕೆ ನಡುಗುತ್ತಿತ್ತು. ಆ ನಡುಕ ಅಂಗಾಲಿನಿಂದ ಮೇಲೇರಿ, ಸುಮಾರು ಹೊತ್ತಿನ ಮೇಲೆ, ಅವನ ಕಾಲಿಗೆ ತಾಳ ಹತ್ತಿತು. ಆದರೆ ಒಂದೇ ಕಾಲಿಗೆ. ಅವನು ಅದೊಂದೇ ಕಾಲಿನ ಮೇಲೆ ಕುಪ್ಪಳಿಸುತ್ತಾ ತೆಕ್ಲಾಳನ್ನು ಸುತ್ತಿಸಿಕೊಂಡು ವೇದಿಕೆಯ ಮುಂದೆ ಬಂದ.

"ಏಯ್ ಹುಡುಗಾ!" ಎಂದು ಮೇಲಿನಿಂದ ಯೂಜೀನ್ ಕೂಗಿದರು. "ಕಾಲು ಬದಲಾಯ್ಸೋ! ಇನ್ನೊಂದೂ ಇದೆ ನಿಂಗೆ!"

ಕಾನ್ರಾಡ್ ಏದುಸಿರು ಬಿಡುತ್ತಾ ತಲೆಯೆತ್ತಿದ. ಇಷ್ಟು ದಿನ ಅವನು ಅವರನ್ನು 'ಸರ್' ಎಂದೇ ಕರೆದಿದ್ದ.

"ಬದಲಾಯಿಸ್ದೆ ಮಾವ!"

ಕಾನ್ಸರ್ಟಿನಾ ಅರ್ಧ ಉಸಿರಿಗೆ ನಿಂತುಹೋಯಿತು. ತೆಕ್ಲಾ ಹೆಜ್ಜೆ ತಪ್ಪಿ ಅವನ ಎದೆಗೆ ಬಂದು ಬಡಿದಳು. ಕುಣಿಯುತ್ತಿದ್ದವರು ಕತ್ತು ಹೊರಳಿಸಿದರು. ಕಾನ್ರಾಡನ ಕಿವಿಗಳೆರಡೂ ಕೆಂಪಾದವು.

ಯೂಜೀನ್ ಮಗಳ ಮುಖವನ್ನು ನೋಡಿದರು. ಆಮೇಲೆ ಗಲ್ಲವನ್ನು ವಾದ್ಯದ ಮೇಲೊತ್ತಿ, ಅದನ್ನು ತೋಳು ಚಾಚುವಷ್ಟು ಅಗಲ ಹಿಗ್ಗಿಸಿ, ಮೊದಲಿಗಿಂತ ಬಿರುಸಾಗಿ ನುಡಿಸತೊಡಗಿದರು.